ಬೀಗ ಒಡೆಯುವ ಮಾತು ಬಿಡಿ, ಕೀ ಎಲ್ಲಿದೆ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಗೋಳು. ಫೈಲ್ ಕಣ್ಣೆದುರಿಗೇ ಇದೆ, ತೆರೆಯುತ್ತಿಲ್ಲ, ಕೀ ಕೇಳುತ್ತಿದೆ, ಕೀ ಇಲ್ಲ. ಹಾಗಾಗಿ ಪ್ರಿಂಟರ್, ವೈಫೈ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ದೂಡಿ, ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ. ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ, ಬೇಸರ ಬೇಡ.

ಪ್ರಶ್ನೆ: ನಮ್ಮದು ಸಣ್ಣ ಕೇಟರಿಂಗ್ ವ್ಯವಹಾರ. ಲ್ಯಾಪ್‌ಟಾಪ್ ಆನ್ ಆಗುತ್ತಿರಲಿಲ್ಲ. ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್ ಬದಲಾಯಿಸಿ ಕೊಟ್ಟರು. ಈಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತಿದೆ. ನಾವು ಯಾವತ್ತೂ ಯಾವ ಲಾಕೂ ಹಾಕಿದವರಲ್ಲ. ಲೆಕ್ಕಪತ್ರ, ಮದುವೆ ಆರ್ಡರುಗಳು ಎಲ್ಲ ಅದರಲ್ಲೇ ಇವೆ. ಒಬ್ಬರು 30 ಸಾವಿರ ಕೊಟ್ಟರೆ ಒಡೆದು ಕೊಡುತ್ತೇನೆ ಅನ್ನುತ್ತಾರೆ. ಕೊಡಲಾ? (ಡೊಂಬಿವಲಿಯ ಓದುಗರು)

ಉತ್ತರ: ಕೊಡಬೇಡಿ ಸರ್. ಕೀ ಇಲ್ಲದೆ ಅದನ್ನು ಯಾರೂ ಒಡೆಯಲಾರರು, ಮುಂಗಡ ಮಾತ್ರ ಹೋಗುತ್ತದೆ.

ನೀವು ಲಾಕ್ ಹಾಕಿಲ್ಲ ಅಂತ ಬರೆದಿದ್ದೀರಲ್ಲ, ನಿಮ್ಮ ಕೇಸಿನಲ್ಲಿ ಅದೇ ಒಳ್ಳೆಯ ಸುದ್ದಿ. ಇದು ವಿಂಡೋಸ್‌ನ ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿ ಇರುವುದನ್ನೆಲ್ಲ ಕೀ ಇಲ್ಲದೆ ಓದಲಾಗದ ಗುಪ್ತಲಿಪಿ ಮಾಡಿಡುವ ವ್ಯವಸ್ಥೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಯಾರಾದರೂ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಮೊದಲ ಸಲ ಒಳಗೆ ಹೋದಾಗ ಇದು ತಾನಾಗಿಯೇ ಶುರುವಾಗುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇದರ ನಿಯಮ ಇನ್ನೂ ಸಡಿಲವಾಗಿ, ಮೊದಲಿಗಿಂತ ಜಾಸ್ತಿ ಕಂಪ್ಯೂಟರುಗಳಲ್ಲಿ ಹೀಗೇ ಆಗುತ್ತಿದೆ. ಆದರೆ ಹೀಗೆ ತಾನಾಗಿ ಶುರುವಾಗುವ ಲಾಕ್, ಕೀಯ ಒಂದು ಪ್ರತಿಯನ್ನು ಮೊದಲು ಆ ಅಕೌಂಟಿಗೆ ಕಳಿಸಿ ಆಮೇಲೆಯೇ ಪೂರ್ತಿ ಜಾರಿಗೆ ಬರುತ್ತದೆ. ಅಂದರೆ ನಿಮ್ಮ ಕೀ ಎಲ್ಲೋ ಇದೆ, ಯಾರ ಅಕೌಂಟಿನಲ್ಲಿ ಅನ್ನುವುದಷ್ಟೇ ಪತ್ತೆಯಾಗಬೇಕು.

ಮದರ್‌ಬೋರ್ಡ್ ಬದಲಾದದ್ದಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ದಿನಾ ಕೀ ಕೇಳದೆ ಲ್ಯಾಪ್‌ಟಾಪ್ ತೆರೆದುಕೊಳ್ಳುತ್ತಿತ್ತಲ್ಲ, ಆ ಕೆಲಸ ಮಾಡುತ್ತಿದ್ದದ್ದು ಹಳೇ ಬೋರ್ಡಿನಲ್ಲಿದ್ದ ಟಿಪಿಎಂ, ಅಂದರೆ ಕೀ ಕಾಯುವ ಭದ್ರತಾ ಚಿಪ್. ಹೊಸ ಬೋರ್ಡಿಗೆ ನಿಮ್ಮ ಡಿಸ್ಕಿನ ಪರಿಚಯವೇ ಇಲ್ಲ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಇದೇ ಪ್ರಶ್ನೆ ಕೇಳುತ್ತದೆ.

ಈಗ ಕೆಲಸಕ್ಕೆ ಬನ್ನಿ. ನೀಲಿ ಪರದೆಯಲ್ಲಿ ಕೀ ಐಡಿ ಅಂತ ಒಂದು ಇರುತ್ತದೆ, ಅದರ ಫೋಟೋ ತೆಗೆದುಕೊಳ್ಳಿ. ಕೀ ಹುಡುಕಬೇಕಾದ ವೆಬ್ ವಿಳಾಸವೂ ಅಲ್ಲೇ ಬರೆದಿರುತ್ತದೆ. ಮೊಬೈಲಿನಲ್ಲಿ ಆ ವಿಳಾಸಕ್ಕೆ ಹೋಗಿ ಲಾಗಿನ್ ಆಗಿ. ಅಲ್ಲಿ ಒಂದಕ್ಕಿಂತ ಹೆಚ್ಚು ಕೀಗಳು ಕಾಣಬಹುದು. ಐಡಿಯ ಮೊದಲ 8 ಅಕ್ಷರ ಯಾವುದಕ್ಕೆ ತಾಳೆಯಾಗುತ್ತದೋ ಅದೇ ನಿಮ್ಮದು.

ನಿಮ್ಮ ಅಕೌಂಟಿನಲ್ಲಿ ಸಿಗದಿದ್ದರೆ ಕೈಬಿಡಬೇಡಿ, ಬಹಳ ಜನ ತಪ್ಪು ಅಕೌಂಟಿನಲ್ಲಿ ಹುಡುಕಿ ನಿರಾಶರಾಗುತ್ತಾರೆ. ಲ್ಯಾಪ್‌ಟಾಪ್ ತಂದ ದಿನ ಅದನ್ನು ಸೆಟ್ ಮಾಡಿಕೊಟ್ಟವರು ಯಾರು? ಮಗನಾ, ಅಳಿಯನಾ, ಅಂಗಡಿ ಹುಡುಗನಾ? ಅವರ ಇಮೇಲ್ ಹಾಕಿದ್ದರೆ ಕೀ ಅವರ ಹತ್ತಿರ ಇರುತ್ತದೆ. ಆನ್‌ಲೈನ್ ಕ್ಲಾಸ್ ಅಂತ ಮಗಳ ಕಾಲೇಜಿನ ಅಕೌಂಟನ್ನು ಅದೇ ಲ್ಯಾಪ್‌ಟಾಪಿಗೆ ಸೇರಿಸಿದ್ದರೆ ಕೀ ಆ ಕಾಲೇಜಿನ ಐಟಿ ವಿಭಾಗದಲ್ಲಿ ಇರುವ ಸಾಧ್ಯತೆಯೂ ಇದೆ, ಕೇಳಿದರೆ ತೆಗೆದು ಕೊಡುತ್ತಾರೆ. ಹಳೇ ಪೆನ್‌ಡ್ರೈವ್‌ಗಳಲ್ಲಿ ಬಿಟ್‌ಲಾಕರ್ ರಿಕವರಿ ಕೀ ಎಂಬ ಹೆಸರಿನ ಟೆಕ್ಸ್ಟ್ ಫೈಲ್ ಇದೆಯಾ ನೋಡಿ. ಪ್ರಿಂಟ್ ತೆಗೆದಿದ್ದರೆ ಲ್ಯಾಪ್‌ಟಾಪಿನ ಬಿಲ್ ಇಟ್ಟ ಕವರಿನಲ್ಲೇ ಇದ್ದೀತು.

ಇನ್ನೊಂದು ದಾರಿ ಅಂಗಡಿಯವರೂ ಹೇಳುವುದಿಲ್ಲ. ಹಳೇ ಬೋರ್ಡ್ ಎಲ್ಲಿದೆ? ಇವತ್ತೇ ಹೋಗಿ ವಾಪಸ್ ಕೇಳಿ. ಅದರ ಟಿಪಿಎಂ ಹಾಳಾಗದೆ ಬರೀ ಪವರ್ ಭಾಗ ಸುಟ್ಟಿದ್ದರೆ, ಚಿಪ್ ಮಟ್ಟದ ರಿಪೇರಿ ಮಾಡುವವರು ಅದೇ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತಾರೆ. ಒಂದೇ ಒಂದು ಸಲ ಆ ಬೋರ್ಡ್ ಎದ್ದು ಕೂತು ವಿಂಡೋಸ್ ತೆರೆದರೆ ಸಾಕು, ಫೈಲುಗಳನ್ನೂ ಕೀಯನ್ನೂ ಹೊರಗೆ ತೆಗೆದುಕೊಳ್ಳಬಹುದು. ನಿಮ್ಮ 30 ಸಾವಿರದಲ್ಲಿ ಸ್ವಲ್ಪವನ್ನು ಇದಕ್ಕೆ ಖರ್ಚು ಮಾಡಿದರೆ ಅರ್ಥ ಇದೆ. ಅಲ್ಲಿಯವರೆಗೆ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲು ಬರುವ ಸೆಟ್ಟಿಂಗ್ ಪರದೆ) ಹೋಗಿ ಟಿಪಿಎಂ ಕ್ಲಿಯರ್ ಮಾಡುವುದು, ವಿಂಡೋಸ್ ರೀಸೆಟ್ ಮಾಡುವುದು, ಯಾವುದೂ ಬೇಡ.

ಒಡೆಯುವುದು ಯಾಕೆ ಆಗುವುದಿಲ್ಲ ಅಂತ ಮನೆಯಲ್ಲಿ ಕೇಳಿದರೆ ಹೀಗೆ ಹೇಳಿ. ಬಿಟ್‌ಲಾಕರ್ ಬಳಸುವುದು ಎಇಎಸ್ ಎಂಬ ವಿಧಾನ. ಬೆಲ್ಜಿಯಂನ ಯೋಆನ್ ಡೇಮನ್, ವಿನ್ಸೆಂಟ್ ರೈಮನ್ ಇಬ್ಬರು ರೂಪಿಸಿದ್ದು, ಅಮೆರಿಕ 2001ರಲ್ಲಿ ತನ್ನ ಸರ್ಕಾರಿ ಮಾನದಂಡ ಮಾಡಿಕೊಂಡದ್ದು. 128 ಬಿಟ್ ಕೀ ಅಂದರೆ ಸಾಧ್ಯವಿರುವ ಕೀಗಳ ಸಂಖ್ಯೆ ಬರೆಯಲು 39 ಅಂಕಿ ಬೇಕು. ಸೆಕೆಂಡಿಗೆ ಒಂದು ಕೋಟಿ ಕೋಟಿ ಕೀ ಹಾಕಿ ನೋಡುವ ಯಂತ್ರ ಇದೆ ಅಂತಲೇ ಇಟ್ಟುಕೊಳ್ಳಿ, ಎಲ್ಲ ಮುಗಿಸಲು ಸಾವಿರ ಕೋಟಿ ಕೋಟಿ ವರ್ಷ ಬೇಕು. ಈ ಜಗತ್ತು ಹುಟ್ಟಿ ಆದದ್ದೇ ಸುಮಾರು 1,380 ಕೋಟಿ ವರ್ಷ. ಆ ಮನುಷ್ಯ 30 ಸಾವಿರಕ್ಕೆ ಮಾಡುತ್ತಾನಂತೆ!

ಪ್ರಶ್ನೆ: ಬಿಟ್‌ಲಾಕರ್ ಕೀಯನ್ನು ಕಾಗದದಲ್ಲಿ ಬರೆದು ಇಟ್ಟಿದ್ದೆ. ಮಳೆಗಾಲದಲ್ಲಿ ಕಪಾಟಿಗೆ ನೀರು ಇಳಿದು ಕಾಗದ ಒದ್ದೆಯಾಗಿ ಎರಡು ಕಡೆ ಒಂದೊಂದು ಅಂಕಿ ಅಳಿಸಿದೆ, ಕೊನೆಯ ಗುಂಪು ಪೂರ್ತಿ ಹೋಗಿದೆ. ಅಕೌಂಟಿನಲ್ಲಿ ಪ್ರತಿ ಇಲ್ಲ. ಏನಾದರೂ ಆಸೆ ಇದೆಯಾ? (ವಾಸ್ಕೋದ ಓದುಗರು)

ಉತ್ತರ: ಆಸೆ ಏನು, ನಿಮ್ಮದು ಬಹುತೇಕ ಸಿಕ್ಕ ಹಾಗೇ. ಗೋವಾದ ಮಳೆ ನಿಮ್ಮ ಮೇಲೆ ಸ್ವಲ್ಪ ಕರುಣೆ ತೋರಿಸಿದೆ.

ಆ 48 ಅಂಕಿ ತಲಾ 6ರಂತೆ 8 ಗುಂಪುಗಳಾಗಿ ಇರುತ್ತದಲ್ಲ, ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ. ಟೈಪ್ ಮಾಡುವಾಗ ತಪ್ಪಾದರೆ ಅಲ್ಲೇ ಗೊತ್ತಾಗಲಿ ಅಂತ ಹಾಗೆ ಮಾಡಿದ್ದಾರೆ. ನಮಗೆ ಅದರಿಂದ ಬೇರೆಯೇ ಲಾಭ. ಒಂದು ಗುಂಪಿನಲ್ಲಿ ಒಂದೇ ಅಂಕಿ ಅಳಿಸಿದ್ದರೆ ಅದು ಯಾವುದು ಅಂತ ಶಾಲೆಯ ಲೆಕ್ಕದಲ್ಲೇ ಕಂಡುಹಿಡಿಯಬಹುದು.

ಉದಾಹರಣೆಗೆ 3, 5, 2 ಇದೆ, ನಾಲ್ಕನೆಯದು ಅಳಿಸಿದೆ, ಆಮೇಲೆ 4, 8 ಇದೆ ಅನ್ನಿ. ಒಂದು, ಮೂರು, ಐದನೆಯ ಅಂಕಿ ಕೂಡಿ: 3, 2, 4 ಸೇರಿ 9. ಎರಡು ಮತ್ತು ಆರನೆಯದು ಕೂಡಿ: 5, 8 ಸೇರಿ 13. ಈ ಎರಡು ಮೊತ್ತಗಳ ವ್ಯತ್ಯಾಸ 0 ಇಲ್ಲವೇ 11 ಅಥವಾ 22 ಬರಬೇಕು. 13ಕ್ಕೆ 7 ಸೇರಿಸಿದರೆ 20, ಅದರಲ್ಲಿ 9 ಕಳೆದರೆ 11. ಬೇರೆ ಯಾವ ಅಂಕಿ ಹಾಕಿದರೂ ಹೊಂದುವುದಿಲ್ಲ. ಹಾಗಾಗಿ ಅಳಿಸಿದ್ದು 7, ಗುಂಪು 352748. ಒಂದು ವೇಳೆ 0ಯಿಂದ 9ರವರೆಗೆ ಯಾವುದೂ ಹೊಂದದಿದ್ದರೆ, ಅದೇ ಗುಂಪಿನ ಇನ್ನೊಂದು ಅಂಕಿಯನ್ನು ನೀವು ತಪ್ಪು ಓದುತ್ತಿದ್ದೀರಿ ಅಂತ ಅರ್ಥ. 1ನ್ನು 7 ಅಂತಲೋ 3ನ್ನು 8 ಅಂತಲೋ ಓದಿರಬಹುದು, ಕನ್ನಡಕ ಹಾಕಿ ಮತ್ತೆ ನೋಡಿ.

ಪೂರ್ತಿ ಹೋದ ಕೊನೆಯ ಗುಂಪಿನ ಕಥೆ ಬೇರೆ. ಅಲ್ಲಿ ಲಕ್ಷಗಟ್ಟಲೆ ಸಾಧ್ಯತೆ ಇದೆ ಅನ್ನಿಸುತ್ತದೆ, ನಿಜವಾಗಿ ಇರುವುದು 65,536 ಮಾತ್ರ. ಗುಂಪು 11ರ ಗುಣಕ ಆಗಿರಬೇಕು, 7,20,896ಕ್ಕಿಂತ ಕಡಿಮೆಯೂ ಇರಬೇಕು, ಅದಕ್ಕೇ ಅಷ್ಟೇ ಉಳಿಯುವುದು. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ, ವಿಂಡೋಸ್‌ನಲ್ಲೇ ಇರುವ ಮ್ಯಾನೇಜ್-ಬಿಡಿಇ ಎಂಬ ಕಮಾಂಡಿಗೆ ಒಂದೊಂದಾಗಿ ಕೀ ಕೊಡುತ್ತಾ ಹೋಗುವ ಸಣ್ಣ ಸ್ಕ್ರಿಪ್ಟ್ ಬರೆದರೆ ಸಾಕು. ಇಂಜಿನಿಯರಿಂಗ್ ಓದುವ ಹುಡುಗರು ಯಾರಾದರೂ ಬರೆದು ಕೊಡುತ್ತಾರೆ. ಬಿಟ್‌ಲಾಕರ್ ಪ್ರತಿ ಕೀಯನ್ನೂ ಬೇಕಂತಲೇ 10 ಲಕ್ಷಕ್ಕೂ ಹೆಚ್ಚು ಸಲ ಅರೆದು ನೋಡುತ್ತದೆ, ಊಹೆ ಮಾಡುವವರಿಗೆ ತಡವಾಗಲಿ ಅಂತ. ಆದರೂ ಒಂದು ಕೀಗೆ ಒಂದು ಸೆಕೆಂಡ್ ಹಿಡಿದರೆ 18 ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿ.

ಎರಡು ಗುಂಪು ಹೋಗಿದ್ದರೆ ಸುಮಾರು 429 ಕೋಟಿ ಸಾಧ್ಯತೆ, ಅದೇ ವೇಗದಲ್ಲಿ 136 ವರ್ಷ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದನ್ನು ತುಂಬಾ ಇಳಿಸಬಹುದು, ಹಟ ಇದ್ದವರಿಗೆ. ಮೂರು ಹೋದರೆ ಮರೆತುಬಿಡಿ.

ಅಂದ ಹಾಗೆ, ಕೆಲಸ ಶುರು ಮಾಡುವ ಮೊದಲು ಆ ಕಾಗದವನ್ನು ನೆರಳಲ್ಲಿ ಒಣಗಿಸಿ ಫೋಟೋ ತೆಗೆಯಿರಿ. ಬಾಲ್‌ಪೆನ್ನಿನಲ್ಲಿ ಬರೆದಿದ್ದರೆ ಶಾಯಿ ಹೋದರೂ ಒತ್ತಿದ ಗುರುತು ಉಳಿದಿರುತ್ತದೆ. ಟಾರ್ಚನ್ನು ಪಕ್ಕದಿಂದ ಅಡ್ಡಕ್ಕೆ ಹಿಡಿದು ನೋಡಿ. ಸ್ಕ್ರಿಪ್ಟೂ ಬೇಡವಾಗಬಹುದು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಪುಣೆಯ ಚಿಂಚವಾಡದಲ್ಲಿ ಇದ್ದೇನೆ. ಹಳೇ ವಿಂಡೋಸ್ 7ರಲ್ಲಿ ನನ್ನ ಬರವಣಿಗೆಯ ಫೋಲ್ಡರಿನ ಹೆಸರು ಹಸಿರು ಬಣ್ಣದಲ್ಲಿ ಕಾಣುತ್ತಿತ್ತು. ಯಾಕೆ ಅಂತ ತಲೆಕೆಡಿಸಿಕೊಂಡಿರಲಿಲ್ಲ. ಅಣ್ಣನ ಮಗ ಹೊಸ ವಿಂಡೋಸ್ ಹಾಕಿಕೊಟ್ಟ. ಈಗ ಫೈಲ್ ಕ್ಲಿಕ್ ಮಾಡಿದರೆ ಆಕ್ಸೆಸ್ ಡಿನೈಡ್ ಅನ್ನುತ್ತದೆ. ಫೈಲುಗಳು ಡಿ ಡ್ರೈವ್‌ನಲ್ಲಿ ಹಾಗೇ ಇವೆ.

ಉತ್ತರ: ಮೇಷ್ಟ್ರೇ, ಆ ಹಸಿರು ಬಣ್ಣವೇ ಸೂಚನೆಯಾಗಿತ್ತು. ಇದು ಇಎಫ್ಎಸ್, ವಿಂಡೋಸ್ 2000ದ ಕಾಲದಿಂದ ಇರುವ ಫೈಲ್ ಎನ್‌ಕ್ರಿಪ್ಶನ್, ಅಂದರೆ ಒಂದೊಂದು ಫೈಲನ್ನೂ ಗುಪ್ತಲಿಪಿ ಮಾಡಿಡುವ ಲಾಕ್. ಯಾವಾಗಲೋ ಪ್ರಾಪರ್ಟೀಸ್‌ನಲ್ಲಿ ಒಂದು ಟಿಕ್ ಹಾಕಿದ್ದೀರಿ.

ಅಣ್ಣನ ಮಗ ಈಗಾಗಲೇ ಫೋಲ್ಡರಿನ ಓನರ್‌ಶಿಪ್ ತೆಗೆದುಕೊಂಡು, ಪರ್ಮಿಶನ್ ಎಲ್ಲ ಬದಲಿಸಿ ನೋಡಿರುತ್ತಾನೆ. ಅದರಿಂದ ಪ್ರಯೋಜನ ಇಲ್ಲ. ಪರ್ಮಿಶನ್ ಬೇರೆ, ಎನ್‌ಕ್ರಿಪ್ಶನ್ ಬೇರೆ. ಫೈಲುಗಳು ಡಿ ಡ್ರೈವ್‌ನಲ್ಲಿ ಇದ್ದರೂ ಅವುಗಳ ಕೀ ಇದ್ದದ್ದು ಸಿ ಡ್ರೈವ್‌ನಲ್ಲಿ, ನಿಮ್ಮ ಹಳೇ ಯೂಸರ್ ಪ್ರೊಫೈಲಿನ ಒಳಗೆ. ಹೊಸ ವಿಂಡೋಸ್‌ನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಯೂಸರ್ ಮಾಡಿದರೂ ಅದು ಬೇರೆ ಮನುಷ್ಯ, ಕಂಪ್ಯೂಟರಿನ ಲೆಕ್ಕದಲ್ಲಿ.

ಹಾಗಾಗಿ ಅವನನ್ನು ಒಂದೇ ಪ್ರಶ್ನೆ ಕೇಳಿ: ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದೆಯಾ, ಇಲ್ಲ ಹಾಗೇ ಮೇಲೆ ಹಾಕಿದೆಯಾ?

ಹಾಗೇ ಹಾಕಿದ್ದರೆ ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್ ಇರಬೇಕು. ಅದರಲ್ಲಿ ನಿಮ್ಮ ಹೆಸರಿನ ಕೆಳಗೆ ಆಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್ ಅಂತ ಇಳಿಯುತ್ತಾ ಹೋದರೆ ಕ್ರಿಪ್ಟೋ, ಪ್ರೊಟೆಕ್ಟ್, ಸಿಸ್ಟಮ್‌ಸರ್ಟಿಫಿಕೇಟ್ಸ್ ಎಂಬ ಮೂರು ಫೋಲ್ಡರ್ ಸಿಗುತ್ತವೆ. ನಿಮ್ಮ ಪ್ರಾಣ ಇರುವುದು ಅದರಲ್ಲಿ. ಇಡೀ ವಿಂಡೋಸ್ ಡಾಟ್ ಓಲ್ಡನ್ನು ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಯಾಕೆಂದರೆ ವಿಂಡೋಸ್ ಅದನ್ನು ಕೆಲವು ದಿನಗಳ ಮೇಲೆ ತಾನೇ ಅಳಿಸಿಹಾಕುತ್ತದೆ. ಈ ಮೂರು ಫೋಲ್ಡರೂ ಹಳೇ ಲಾಗಿನ್ ಪಾಸ್‌ವರ್ಡೂ ಇದ್ದರೆ, ಎಲ್ಕಾಮ್‌ಸಾಫ್ಟ್ ಕಂಪನಿಯ ಇಎಫ್ಎಸ್ ರಿಕವರಿಯಂಥ ತಂತ್ರಾಂಶಗಳು ಫೈಲ್ ಬಿಡಿಸಿ ಕೊಡುತ್ತವೆ. ಹಳೇ ಪಾಸ್‌ವರ್ಡ್ ಇಲ್ಲದಿದ್ದರೆ ಕೆಲಸ ಕಷ್ಟ. ನೆನಪಿಸಿಕೊಳ್ಳಿ, ಹಳೇ ಡೈರಿ ನೋಡಿ.

ಫಾರ್ಮ್ಯಾಟ್ ಮಾಡಿದ್ದರೆ ಈ ಕ್ಷಣವೇ ಕಂಪ್ಯೂಟರ್ ಆಫ್ ಮಾಡಿ. ಸಿ ಡ್ರೈವ್ ಹಳೇ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ಅಳಿಸಿದ ಫೈಲ್ ಹುಡುಕುವ ತಂತ್ರಾಂಶದಿಂದ ಆ ಸಣ್ಣ ಕೀ ಫೈಲುಗಳು ಸಿಕ್ಕರೂ ಸಿಗಬಹುದು. ನೀವು ಬಳಸಿದಷ್ಟೂ ಅವುಗಳ ಮೇಲೆ ಬೇರೆ ಏನೋ ಬರೆಯುತ್ತಾ ಹೋಗುತ್ತದೆ. ಎಸ್ಎಸ್‌ಡಿ ಆಗಿದ್ದರೆ ಅದು ಖಾಲಿ ಜಾಗವನ್ನು ತಾನೇ ಒರೆಸಿಬಿಟ್ಟಿರುತ್ತದೆ, ಆ ದಾರಿ ಮುಚ್ಚಿತು ಅಂತಲೇ ತಿಳಿಯಿರಿ.

ಇದೆಲ್ಲ ಬಿಡಿ, ಸುಲಭದ್ದು ಮೊದಲು ಮಾಡಿ. ಆ ಬರಹಗಳನ್ನು ಯಾರಿಗಾದರೂ ಇಮೇಲ್ ಮಾಡಿದ್ದಿರಾ? ಯಾವುದಾದರೂ ಪತ್ರಿಕೆಗೆ ಕಳಿಸಿದ್ದಿರಾ? ಪೆನ್‌ಡ್ರೈವ್‌ಗೆ ಹಾಕಿ ಡಿಟಿಪಿ ಅಂಗಡಿಗೆ ಕೊಟ್ಟಿದ್ದಿರಾ? ಇಎಫ್ಎಸ್ ಲಾಕ್, ವಿಂಡೋಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಎನ್‌ಟಿಎಫ್ಎಸ್ ಎಂಬ ವ್ಯವಸ್ಥೆಯ ಒಳಗೆ ಮಾತ್ರ ನಿಲ್ಲುತ್ತದೆ. ಇಮೇಲಿಗೆ ಅಥವಾ ಮಾಮೂಲಿ ಪೆನ್‌ಡ್ರೈವ್‌ಗೆ ಹೋದ ಪ್ರತಿ ಲಾಕ್ ಬಿಚ್ಚಿಕೊಂಡೇ ಹೋಗಿರುತ್ತದೆ. ಸೆಂಟ್ ಫೋಲ್ಡರ್ ಹುಡುಕಿದರೆ ಅರ್ಧ ಬರವಣಿಗೆ ಅಲ್ಲೇ ಸಿಗಬಹುದು, ಅದೂ ದಮ್ಮಡಿ ಖರ್ಚಿಲ್ಲದೆ. ಪೆನ್‌ಡ್ರೈವ್‌ಗಳಲ್ಲಿ ಪಿಎಫ್ಎಕ್ಸ್ ಎಂದು ಕೊನೆಯಾಗುವ ಫೈಲ್ ಕಂಡರೆ ಹಾರಿ ಕುಣಿಯಿರಿ, ಅದೇ ಕೀಯ ಬ್ಯಾಕಪ್. ಅದಕ್ಕೂ ಒಂದು ಪಾಸ್‌ವರ್ಡ್ ಇರುತ್ತದೆ ಅನ್ನುವುದು ಬೇರೆ ಮಾತು.

ಪ್ರಶ್ನೆ: ಸಂಘದ ಸದಸ್ಯರ ಪಟ್ಟಿಯ ಎಕ್ಸೆಲ್ ಫೈಲಿಗೆ ಹಿಂದಿನ ಕಾರ್ಯದರ್ಶಿಗಳು ಪಾಸ್‌ವರ್ಡ್ ಹಾಕಿದ್ದಾರೆ, ಈಗ ಅವರಿಗೇ ನೆನಪಿಲ್ಲ. (ಮಾಟುಂಗಾದಿಂದ)

ಉತ್ತರ: ಮೊದಲು ನೋಡಬೇಕಾದ್ದು: ಫೈಲ್ ತೆರೆಯುವಾಗಲೇ ಪಾಸ್‌ವರ್ಡ್ ಕೇಳುತ್ತದೆಯಾ, ತೆರೆದ ಮೇಲೆ ತಿದ್ದಲು ಹೋದಾಗ ಕೇಳುತ್ತದೆಯಾ? ತಿದ್ದುವಾಗ ಮಾತ್ರ ಕೇಳಿದರೆ ಅದು ಶೀಟ್ ಪ್ರೊಟೆಕ್ಷನ್, ಎನ್‌ಕ್ರಿಪ್ಶನ್ ಅಲ್ಲವೇ ಅಲ್ಲ. ಎಲ್ಲ ಕಾಪಿ ಮಾಡಿ ಹೊಸ ಫೈಲಿಗೆ ಹಾಕಿದರೆ ಮುಗಿಯಿತು.

ತೆರೆಯುವಾಗಲೇ ಕೇಳುತ್ತದೆ ಅಂದರೆ ಫೈಲ್ ಎಷ್ಟು ಹಳೆಯದು ಅನ್ನುವುದರ ಮೇಲೆ ಹೋಗುತ್ತದೆ. ಎಕ್ಸೆಲ್ 97ರಿಂದ 2003ರವರೆಗಿನ ಎಕ್ಸ್ಎಲ್ಎಸ್ ಫೈಲುಗಳಲ್ಲಿ ಸಾಮಾನ್ಯವಾಗಿ ಇದ್ದದ್ದು 40 ಬಿಟ್ ಕೀ. ಪಾಸ್‌ವರ್ಡ್ ಎಷ್ಟೇ ಉದ್ದ ಇರಲಿ, ಇವತ್ತಿನ ಕಂಪ್ಯೂಟರಿಗೆ ಆ ಕೀ ಸಣ್ಣದು. 2007ರ ನಂತರದ ಫೈಲುಗಳಲ್ಲಿ ಎಇಎಸ್ ಬಂತು. ಅಲ್ಲಿ ಕೀ ಒಡೆಯಲು ಆಗುವುದಿಲ್ಲ, ಪಾಸ್‌ವರ್ಡನ್ನು ಊಹಿಸಬೇಕು ಅಷ್ಟೇ. ಹ್ಯಾಶ್‌ಕ್ಯಾಟ್, ಜಾನ್ ದ ರಿಪ್ಪರ್ ಎಂಬ ಉಚಿತ ತಂತ್ರಾಂಶಗಳು ಇದನ್ನೇ ಮಾಡುತ್ತವೆ.

ಊಹೆಗೆ ಬೇಕಾದ್ದು ಆ ಕಾರ್ಯದರ್ಶಿಗಳ ಅಭ್ಯಾಸ. ಅವರ ಜತೆ ಕೂತು ಒಂದು ಲೋಟ ಕಾಫಿ ಕುಡಿಯಿರಿ. ಬೇರೆ ಕಡೆ ಯಾವ ಪಾಸ್‌ವರ್ಡ್ ಇಡುತ್ತಿದ್ದರು, ಊರಿನ ಹೆಸರಾ, ದೇವರ ಹೆಸರಾ, ಮೊದಲ ಅಕ್ಷರ ದೊಡ್ಡದಾ, ಕೊನೆಗೆ ಇಸವಿನಾ, ಆಟ್ ಗುರುತಾ? ಇಂಥ ತುಂಡುಗಳ ಪಟ್ಟಿ ಕೊಟ್ಟರೆ ತಂತ್ರಾಂಶ ಎಲ್ಲ ಜೋಡಣೆಗಳನ್ನೂ ಹಾಕಿ ನೋಡುತ್ತದೆ. ಯಾರಾದರೂ ವೆಬ್‌ಸೈಟಿಗೆ ಫೈಲ್ ಹಾಕಿ ಬಿಡಿಸಿಕೊಳ್ಳಿ ಅಂದರೆ ಬೇಡ. ಅದರಲ್ಲಿ ಸದಸ್ಯರೆಲ್ಲರ ಫೋನು, ವಿಳಾಸ ಇದೆ ಅಲ್ವಾ?

ಪ್ರಶ್ನೆ: ವೆರಾಕ್ರಿಪ್ಟ್ ಎಂಬ ತಂತ್ರಾಂಶದಿಂದ ಲಾಕ್ ಹಾಕಿದ ಎಕ್ಸ್‌ಟರ್ನಲ್ ಡಿಸ್ಕ್. ರೂಮ್‌ಮೇಟ್ ಜೋಡಿಸಿದಾಗ ಫಾರ್ಮ್ಯಾಟ್ ಮಾಡಲೇ ಅಂತ ವಿಂಡೋಸ್ ಕೇಳಿತಂತೆ, ಎಸ್ ಒತ್ತಿದನಂತೆ. ಪಾಸ್‌ವರ್ಡ್ ಗೊತ್ತಿದೆ, ಆದರೆ ತಪ್ಪು ಅನ್ನುತ್ತದೆ. (ಪುಣೆಯ ವಿದ್ಯಾರ್ಥಿನಿ)

ಉತ್ತರ: ಪಾಸ್‌ವರ್ಡ್ ತಪ್ಪಲ್ಲಮ್ಮ, ಅದನ್ನು ಹಾಕಿ ತೆರೆಯಬೇಕಾದ ಜಾಗವೇ ಅಳಿಸಿದೆ. ವೆರಾಕ್ರಿಪ್ಟ್‌ನಲ್ಲಿ ನಿಜವಾದ ಕೀ ಇರುವುದು ವಾಲ್ಯೂಮಿನ (ಡಿಸ್ಕಿನಲ್ಲಿ ಲಾಕ್ ಆದ ಭಾಗ) ಶುರುವಿನಲ್ಲಿರುವ ಹೆಡರ್ ಎಂಬ ಸಣ್ಣ ತುಂಡಿನಲ್ಲಿ, ನಿನ್ನ ಪಾಸ್‌ವರ್ಡ್ ತೆರೆಯುವುದು ಆ ಹೆಡರನ್ನು. ಪುಣ್ಯಕ್ಕೆ ಅದರ ಇನ್ನೊಂದು ಪ್ರತಿ ವಾಲ್ಯೂಮಿನ ಕೊನೆಯಲ್ಲೂ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಅಲ್ಲಿಯವರೆಗೆ ಸಾಮಾನ್ಯವಾಗಿ ಹೋಗಿರುವುದಿಲ್ಲ. ಮೌಂಟ್ ಆಪ್ಶನ್ಸ್‌ನಲ್ಲಿ ಒಳಗಿನ ಬ್ಯಾಕಪ್ ಹೆಡರ್ ಬಳಸು ಎಂಬ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿ ರೀಡ್-ಓನ್ಲಿ ಆಗಿ ತೆರೆ. ತೆರೆದ ಮೇಲೆ ಫೋಲ್ಡರುಗಳು ಚೆಲ್ಲಾಪಿಲ್ಲಿ ಕಂಡರೆ ಗಾಬರಿ ಬೇಡ, ಮಾಮೂಲಿ ಡೇಟಾ ರಿಕವರಿ ತಂತ್ರಾಂಶವನ್ನು ಆ ತೆರೆದ ಡ್ರೈವ್ ಮೇಲೆ ಓಡಿಸು. ರೂಮ್‌ಮೇಟ್‌ಗೆ ಬೈಯುವುದನ್ನು ಆಮೇಲೆ ಇಟ್ಟುಕೋ.

ಪ್ರಶ್ನೆ: ನಮ್ಮ ಟ್ರಾವೆಲ್ಸ್ ಆಫೀಸಿನ ಎಲ್ಲ ಫೈಲುಗಳ ಹೆಸರಿನ ಕೊನೆಗೆ ನಾಲ್ಕು ವಿಚಿತ್ರ ಅಕ್ಷರ ಸೇರಿಕೊಂಡಿವೆ. ರೀಡ್‌ಮಿ ಫೈಲಿನಲ್ಲಿ ಡಾಲರ್ ಕೇಳಿದ್ದಾರೆ. ಇಲ್ಲಿ ಕೀ ಕಳ್ಳರ ಹತ್ತಿರ ಇದೆ, ಏನು ಮಾಡಲಿ? (ಠಾಣೆಯ ಓದುಗರು)

ಉತ್ತರ: ನೆಟ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಫಾರ್ಮ್ಯಾಟ್ ಮಾಡಬೇಡಿ. ಲಾಕ್ ಆದ ಫೈಲುಗಳನ್ನೂ ಆ ರೀಡ್‌ಮಿಯನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ ಇಡಿ. 1930ಕ್ಕೆ ಫೋನ್ ಮಾಡಿ, ಇಲ್ಲವೇ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಕೊಡಿ.

ಆಮೇಲೆ ನೋ ಮೋರ್ ರ್ಯಾನ್ಸಮ್ ಎಂಬ ತಾಣಕ್ಕೆ ಹೋಗಿ. 2016ರ ಜುಲೈಯಲ್ಲಿ ಡಚ್ ಪೊಲೀಸರು, ಯುರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ ಶುರು ಮಾಡಿದ್ದು, ಉಚಿತ. ಲಾಕ್ ಆದ ಒಂದು ಸಣ್ಣ ಫೈಲ್ ಕೊಟ್ಟರೆ ಅದು ಯಾವ ಜಾತಿಯ ವೈರಸ್, ಬಿಡಿಸುವ ತಂತ್ರಾಂಶ ಇದೆಯಾ ಅಂತ ಹೇಳುತ್ತದೆ. ಗುಟ್ಟಿನದಲ್ಲದ ಫೈಲ್ ಆರಿಸಿ.

ನಾಲ್ಕು ಅಕ್ಷರ ಅಂದಿರಲ್ಲ, ಸ್ಟಾಪ್ ಅಥವಾ ಜಾವು ಎಂಬ ಜಾತಿ ಆಗಿರಬಹುದು ಅಂತ ನನ್ನ ಅನುಮಾನ. ಕಳ್ಳತನದ ತಂತ್ರಾಂಶ, ಅದರ ಕ್ರ್ಯಾಕ್ ಇಳಿಸಿಕೊಂಡವರಿಗೆ ಜಾಸ್ತಿ ಅಂಟುವುದು ಇದೇ. ಆಫೀಸಿನ ಹುಡುಗರನ್ನು ವಿಚಾರಿಸಿ. ರೀಡ್‌ಮಿಯ ಕೆಳಗೆ ಪರ್ಸನಲ್ ಐಡಿ ಇರುತ್ತದೆ. ಅದು ಟಿ1 ಎಂದು ಕೊನೆಯಾದರೆ, ಕಳ್ಳರ ಸರ್ವರ್ ಸಿಗದೆ ವೈರಸ್ ತನ್ನೊಳಗೇ ಇದ್ದ ಸಾಮಾನ್ಯ ಕೀ ಬಳಸಿದೆ ಅಂತ ಅರ್ಥ. ಆ ಕೀ ಬಹಳ ಜನರಿಗೆ ಒಂದೇ. ಅದು ಈಗಾಗಲೇ ಸಿಕ್ಕಿದ್ದರೆ ಎಂಸಿಸಾಫ್ಟ್‌ನ ಉಚಿತ ಡಿಕ್ರಿಪ್ಟರ್ ಬಿಡಿಸುತ್ತದೆ, ಸಿಕ್ಕಿಲ್ಲದಿದ್ದರೆ ಫೈಲ್ ಇಟ್ಟುಕೊಂಡು ಆಗಾಗ ಮತ್ತೆ ಹಾಕಿ ನೋಡಿ. ಟಿ1 ಇಲ್ಲದಿದ್ದರೆ ನಿಮಗೇ ಅಂತ ಮಾಡಿದ ಕೀ, ಅದು ಕಷ್ಟ. ಆಗಲೂ ಒಂದು ಸಂದು ಉಳಿದಿದೆ. ಈ ಜಾತಿ ಬೇಗ ಮುಗಿಸುವ ಆತುರದಲ್ಲಿ ಪ್ರತಿ ಫೈಲಿನ ಮೊದಲ ಸುಮಾರು 150 ಕೆಬಿ ಮಾತ್ರ ಲಾಕ್ ಮಾಡುತ್ತದೆ. ದೊಡ್ಡ ವಿಡಿಯೋಗಳ ಬಹುಭಾಗ ಹಾಗೇ ಉಳಿದಿರುತ್ತದೆ, ರಿಪೇರಿ ಮಾಡಿಕೊಳ್ಳಬಹುದು. ಸಣ್ಣ ಬಿಲ್ಲುಗಳಿಗೆ ಆ ಭಾಗ್ಯ ಇಲ್ಲ.

ಗೂಗಲ್ ಡ್ರೈವ್, ಒನ್‌ಡ್ರೈವ್ ಬಳಸುತ್ತಿದ್ದರೆ ಅಲ್ಲಿ ಹಳೇ ಆವೃತ್ತಿಗಳು ಸಾಮಾನ್ಯವಾಗಿ 30 ದಿನ ಇರುತ್ತವೆ. ಇವತ್ತೇ ನೋಡಿ, ದಿನ ಓಡುತ್ತಿದೆ. ಹಣ ಕೊಡುವುದು ನಿಮಗೆ ಬಿಟ್ಟದ್ದು ಅಂತ ಕೆಲವರು ಹೇಳುತ್ತಾರೆ. ನನ್ನ ಮಾತು ಕೇಳಿದರೆ ಬೇಡ. ಕೊಟ್ಟ ಮೇಲೂ ಕೀ ಬರುತ್ತದೆ ಅನ್ನಲು ಯಾರ ಜಾಮೀನೂ ಇಲ್ಲ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲೂ ಈ ಬಿಟ್‌ಲಾಕರ್ ಸುಮ್ನೆ ಆನ್ ಆಗಿ ಕೂತಿದೆಯಾ? ಆಫ್ ಮಾಡಿಬಿಡಲಾ? (ಅಂಧೇರಿಯಿಂದ)

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆಂಡ್ ಸೆಕ್ಯುರಿಟಿ, ಅದರೊಳಗೆ ಡಿವೈಸ್ ಎನ್‌ಕ್ರಿಪ್ಶನ್ ನೋಡಿ. ಆನ್ ಇದ್ದರೆ ಇರಲಿ. ಲೋಕಲ್ ಟ್ರೇನಿನಲ್ಲಿ ದಿನಾ ಹೊತ್ತುಕೊಂಡು ಓಡಾಡುವ ಲ್ಯಾಪ್‌ಟಾಪ್ ಕಳುವಾದರೆ ಡಬ್ಬ ಮಾತ್ರ ಹೋಗುತ್ತದೆ, ಒಳಗಿನದು ಯಾರಿಗೂ ಸಿಗುವುದಿಲ್ಲ. ಕಂಟ್ರೋಲ್ ಪ್ಯಾನಲ್‌ನಲ್ಲಿ ಬಿಟ್‌ಲಾಕರ್ ಅಂತ ಹುಡುಕಿ, ರಿಕವರಿ ಕೀ ಬ್ಯಾಕಪ್ ಒತ್ತಿ ಎರಡು ಪ್ರಿಂಟ್ ತೆಗೆಯಿರಿ. ಒಂದು ಮನೆಯ ಬೀರುವಿಗೆ, ಇನ್ನೊಂದು ಊರಿಗೆ ಹೋದಾಗ ಅಮ್ಮನ ಕೈಗೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಇಡಬೇಡಿ. ರಿಪೇರಿಗೆ ಕೊಡುವ ಮೊದಲು ಆ ಪ್ರಿಂಟ್ ಎಲ್ಲಿದೆ ಅಂತ ಒಂದು ಸಲ ಕಣ್ಣಾರೆ ನೋಡಿಕೊಂಡೇ ಹೋಗಿ.